ಸಿಗ್ನಲ್ ಇಲ್ಲದ ಮನೆಯಿಂದ ಫೋನ್ ಮಾಡುವುದು ಹೇಗೆ

ನಮ್ಮ ಮನೆ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿದೆ. ನಗರ ಅನ್ನುವ ಊರಿನಿಂದ ಮಾಸ್ತಿಕಟ್ಟೆ, ಹುಲಿಕಲ್ ಘಾಟಿ ಕಡೆಗೆ ಹೋಗುವ ಬಸ್ಸಿನಲ್ಲಿ ಬಂದು, ಮಧ್ಯೆ ಇಳಿದು ಎರಡು ಕಿಲೋಮೀಟರ್ ಒಳಗೆ ನಡೆಯಬೇಕು. ಸುತ್ತ ಗುಡ್ಡ, ತಗ್ಗಿನಲ್ಲಿ ಅಡಿಕೆ ತೋಟ, ತೋಟದ ತಲೆಯಲ್ಲಿ ಹೆಂಚಿನ ಮನೆ. ಟವರಿನ ಸಿಗ್ನಲ್ ಗುಡ್ಡ ದಾಟಿ ನಮ್ಮ ಅಂಗಳಕ್ಕೆ ಇಳಿಯುವುದಿಲ್ಲ. ಮೊದಲೆಲ್ಲ ಯಾರಿಗಾದರೂ ಫೋನ್ ಮಾಡಬೇಕಾದರೆ ಮನೆ ಹಿಂದಿನ ದರೆ ಹತ್ತಿ, ಬ್ಯಾಣದ ನೇರಳೆ ಮರದ ಬುಡಕ್ಕೆ ಹೋಗಬೇಕಿತ್ತು. ಅಲ್ಲಿ ಎರಡು ಕಡ್ಡಿ ಸಿಗುತ್ತಿತ್ತು. ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನ್, ಕಾಲು ತುಂಬಾ ಉಂಬಳ.

ಈಗ ಮನೆಗೆ ಫೈಬರ್ ಕೇಬಲಿನಲ್ಲಿ ಇಂಟರ್ನೆಟ್ ಬಂದಿದೆ. ಅಡುಗೆ ಮನೆಯಲ್ಲೇ ಕೂತು ಜರ್ಮನಿಯಲ್ಲಿರುವ ಮಗಳ ಜೊತೆ ಮಾತಾಡುತ್ತೇನೆ. 84 ವರ್ಷದ ನಮ್ಮ ಅತ್ತೆ ಜಗಲಿಯಲ್ಲಿ ಕೂತು ಮರಿಮಗುವಿನ ಅಳು ಕೇಳುತ್ತಾರೆ. ಮಗಳ ಬಾಣಂತನಕ್ಕೆ ಅಂತ ನಾನು ಮೂರು ತಿಂಗಳು ಅಲ್ಲಿಗೆ ಹೋಗಿದ್ದಾಗ, ಇದೇ ಇಂಟರ್ನೆಟ್ ಕರೆಯೇ ನನಗೂ ಮನೆಗೂ ನಡುವೆ ಇದ್ದ ದಾರಿ. ಅದನ್ನು ಸರಿಮಾಡಿಕೊಳ್ಳಲು ನಮಗೆ ಸುಮಾರು ಎರಡು ವರ್ಷ ಹಿಡಿಯಿತು. ನಮ್ಮ ಹಾಗೆ ಗುಡ್ಡದ ಮೂಲೆಯಲ್ಲಿ ಇರುವವರಿಗೆ, ಮಕ್ಕಳು ದೂರ ಇರುವವರಿಗೆ ಅಷ್ಟು ದಿನ ಹಿಡಿಯಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ವೈಫೈ ಕಾಲಿಂಗ್

ಇಂಟರ್ನೆಟ್ ಕರೆ ಅಂದ ತಕ್ಷಣ ಎಲ್ಲರಿಗೂ ವಾಟ್ಸಾಪ್ ನೆನಪಾಗುತ್ತದೆ. ಆದರೆ ಸಿಗ್ನಲ್ ಇಲ್ಲದ ಮನೆಗೆ ಅದಕ್ಕಿಂತ ಮೊದಲು ಬೇಕಾದದ್ದು ವೈಫೈ ಕಾಲಿಂಗ್. ಎರಡೂ ಬೇರೆ ಬೇರೆ. ವಾಟ್ಸಾಪ್ ಕರೆಗೆ ಆ ಕಡೆಯವರ ಫೋನಿನಲ್ಲೂ ವಾಟ್ಸಾಪ್ ಇರಬೇಕು, ನೆಟ್ ಆನ್ ಇರಬೇಕು. ವೈಫೈ ಕಾಲಿಂಗ್‌ಗೆ ಅದೇನೂ ಬೇಡ. ನಿಮ್ಮ ಮಾಮೂಲಿ ನಂಬರ್, ಮಾಮೂಲಿ ಡಯಲ್ ಮಾಡುವ ಜಾಗ, ಮಾಮೂಲಿ ರೀಚಾರ್ಜ್. ಕರೆ ಮಾತ್ರ ಟವರಿನ ಬದಲು ಮನೆಯ ವೈಫೈ ಮೂಲಕ ಕಂಪನಿಗೆ ಹೋಗಿ ಸೇರುತ್ತದೆ. ಆ ಕಡೆಯವರು ಕೀಪ್ಯಾಡ್ ಫೋನ್ ಇಟ್ಟುಕೊಂಡಿದ್ದರೂ ಸರಿ. ಗ್ಯಾಸ್ ಬುಕಿಂಗ್, ಆಸ್ಪತ್ರೆ, ಸೊಸೈಟಿ, ಅಡಿಕೆ ಮಂಡಿ ಎಲ್ಲಕ್ಕೂ ಇದೇ ಸಾಕು. ಬ್ಯಾಂಕಿನ ಒಟಿಪಿ ಕೂಡ ನಮ್ಮ ಮನೆಯಲ್ಲಿ ಈ ದಾರಿಯಲ್ಲೇ ಬರುತ್ತದೆ. ಒಟಿಪಿಗೋಸ್ಕರ ದರೆ ಹತ್ತುವುದು ತಪ್ಪಿದ್ದೇ ನನಗೆ ಎಲ್ಲಕ್ಕಿಂತ ದೊಡ್ಡ ಉಪಕಾರ.

ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೋ 2020ರ ಜನವರಿಯಲ್ಲಿ ಇದನ್ನು ಶುರು ಮಾಡಿದವು. ದೇಶದೊಳಗೆ ಇದಕ್ಕೆ ಬೇರೆ ದುಡ್ಡು ಇಲ್ಲ. ಆದರೂ ನಮ್ಮ ಕಡೆ ಎಷ್ಟೋ ಜನರಿಗೆ ತಮ್ಮ ಫೋನಿನಲ್ಲಿ ಇದು ಇದೆ ಅಂತಲೇ ಗೊತ್ತಿಲ್ಲ. ಸೆಟ್ಟಿಂಗ್ಸ್ ತೆಗೆಯಿರಿ. ಮೇಲೆ ಹುಡುಕುವ ಜಾಗದಲ್ಲಿ ವೈಫೈ ಕಾಲಿಂಗ್ ಅಂತ ಇಂಗ್ಲಿಷಿನಲ್ಲಿ ಹಾಕಿ. ಬಂದರೆ ಆನ್ ಮಾಡಿ. ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆ ಬೇರೆ ಆನ್ ಮಾಡಬೇಕು, ಒಂದಕ್ಕೆ ಮಾಡಿ ಸುಮ್ಮನಾಗಬೇಡಿ. ಹುಡುಕಿದರೂ ಬರದಿದ್ದರೆ ಫೋನಿನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ನೋಡಿ. ಆಗಲೂ ಇಲ್ಲ ಅಂದರೆ ನಿಮ್ಮ ಫೋನಿಗೋ ಸಿಮ್ಮಿಗೋ ಈ ಸೌಲಭ್ಯ ಇಲ್ಲ ಅಂತ ಅರ್ಥ. ಹೊಸ ಫೋನ್ ಕೊಳ್ಳುವಾಗ ಕ್ಯಾಮೆರಾ ಕೇಳುವ ಮೊದಲು ಇದನ್ನು ಕೇಳಿ.

ಆನ್ ಆಗಿದೆಯೋ ಇಲ್ಲವೋ ನೋಡಲು ಸುಲಭದ ದಾರಿ ಇದೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಆಮೇಲೆ ವೈಫೈ ಮಾತ್ರ ಆನ್ ಮಾಡಿ. ಅರ್ಧ ನಿಮಿಷ ಬಿಟ್ಟು ಯಾರಿಗಾದರೂ ಫೋನ್ ಮಾಡಿ. ಕರೆ ಹೋದರೆ ಕೆಲಸ ಆಯಿತು.

ಇದೇ ಉಪಾಯ ಇನ್ನೊಂದು ತಾಪತ್ರಯಕ್ಕೂ ಮದ್ದು. ನಮ್ಮ ಮನೆಯ ಪಶ್ಚಿಮದ ಕೋಣೆಗೆ ಹೇಗೋ ಏನೋ ಅರ್ಧ ಕಡ್ಡಿ ಸಿಗ್ನಲ್ ಬರುತ್ತದೆ. ಫೋನಿಗೆ ಅಷ್ಟು ಸಾಕು, ವೈಫೈ ಬಿಟ್ಟು ಟವರಿಗೆ ಅಂಟಿಕೊಳ್ಳುತ್ತದೆ. ಕರೆ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಹೊರಗಿನವರಿಗೆ ನಾವು ಸಿಗುತ್ತಿಲ್ಲ ಅಂತ ಕೇಳಿಸುತ್ತದೆ. ಕೆಲವು ಫೋನುಗಳಲ್ಲಿ ವೈಫೈಗೇ ಮೊದಲ ಆದ್ಯತೆ ಕೊಡುವ ಆಯ್ಕೆ ಇರುತ್ತದೆ, ಅದನ್ನು ಹಾಕಿ. ಇಲ್ಲದಿದ್ದರೆ ಮನೆಯೊಳಗೆ ಇರುವಷ್ಟು ಹೊತ್ತು ಏರೋಪ್ಲೇನ್ ಮೋಡಿನಲ್ಲೇ ವೈಫೈ ಹಾಕಿ ಇಡಿ. ಅತ್ತೆಯ ಫೋನ್ ಯಾವಾಗಲೂ ಹೀಗೇ ಇರುತ್ತದೆ. ಅವರು ಎಲ್ಲಿಗೂ ಹೋಗುವುದಿಲ್ಲ, ಅವರ ಫೋನೂ ಹೋಗುವುದಿಲ್ಲ.

ಸ್ಪೀಡ್ ಅಲ್ಲ, ಕಡಿಯದೆ ಬರುವುದು ಮುಖ್ಯ

ಮಾತು ಕಡಿದು ಕಡಿದು ಬಂದರೆ ಜನ ಮೊದಲು ಹೇಳುವುದು, ಇನ್ನೂ ಜಾಸ್ತಿ ಸ್ಪೀಡಿನ ಪ್ಲಾನ್ ಹಾಕಿಸಿ ಅಂತ. ನಾವೂ ಹಾಗೆ ಮಾಡಿ ದುಡ್ಡು ಕೊಟ್ಟೆವು. ಏನೂ ಬದಲಾಗಲಿಲ್ಲ. ಆಮೇಲೆ ಅಳಿಯ ಕೂರಿಸಿಕೊಂಡು ವಿವರಿಸಿದ ಮೇಲೆ ನನಗೆ ಅರ್ಥವಾಯಿತು.

ಇಂಟರ್ನೆಟ್ ಕರೆಯಲ್ಲಿ ನಮ್ಮ ಮಾತು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಚೂರುಗಳಾಗಿ ಹೋಗುತ್ತದೆ. ಅಂದರೆ ಸೆಕೆಂಡಿಗೆ 50 ಚೂರು. ಒಂದೊಂದು ಚೂರೂ ಬಹಳ ಚಿಕ್ಕದು, ಅದಕ್ಕೆ ದೊಡ್ಡ ರಸ್ತೆ ಬೇಡ. ಒಂದು ಎಂಬಿಪಿಎಸ್, ಅಂದರೆ ತೀರಾ ಕಡಿಮೆ ಸ್ಪೀಡಿನ ನೆಟ್ ಇದ್ದರೂ ಮಾತಿಗೆ ಧಾರಾಳ. ಆದರೆ ಪ್ರತಿ ಚೂರೂ ಹೊತ್ತಿಗೆ ಸರಿಯಾಗಿ ಬರಬೇಕು. ತಡವಾಗಿ ಬಂದ ಚೂರನ್ನು ಫೋನ್ ಬಿಸಾಡುತ್ತದೆ. ಊಟ ಮುಗಿಸಿ ಕೈ ತೊಳೆದವರ ಎಲೆಗೆ ಪಾಯಸ ಬಡಿಸಿ ಏನು ಪ್ರಯೋಜನ? ಸಿನಿಮಾ ನೋಡುವಾಗ ಹಾಗಲ್ಲ. ಫೋನ್ ಮುಂದಿನದನ್ನೂ ತರಿಸಿ ಇಟ್ಟುಕೊಂಡಿರುತ್ತದೆ. ಅದಕ್ಕೇ ಸಿನಿಮಾ ಚೆನ್ನಾಗಿ ಓಡುವ ಮನೆಯಲ್ಲೂ ಮಾತು ಕಡಿಯುತ್ತದೆ. ಮಾತು ಈ ಬಾಯಿಂದ ಆ ಕಿವಿಗೆ 150 ಮಿಲಿಸೆಕೆಂಡಿನೊಳಗೆ ಮುಟ್ಟಿದರೆ ಎದುರು ಕೂತು ಮಾತಾಡಿದ ಹಾಗೆ ಇರುತ್ತದೆ. ಅದಕ್ಕಿಂತ ತುಂಬಾ ಜಾಸ್ತಿಯಾದರೆ ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ನಿಲ್ಲಿಸುವುದು ಶುರುವಾಗುತ್ತದೆ.

ಹಾಗಾದರೆ ಚೂರುಗಳು ತಡವಾಗುವುದು ಎಲ್ಲಿ? ನಮ್ಮ ಮನೆಯಲ್ಲಿ ಎರಡು ಕಡೆ.

ಒಂದು, ಗೋಡೆ. ನಮ್ಮದು ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ನೆಟ್ ಹಾಕಲು ಬಂದ ಹುಡುಗರು ವೈರ್ ಉಳಿಸಲು ರೂಟರನ್ನು, ಅಂದರೆ ವೈಫೈ ಕೊಡುವ ಡಬ್ಬಿಯನ್ನು, ಜಗಲಿಯ ಮೂಲೆಯಲ್ಲೇ ಹೊಡೆದು ಹೋಗಿದ್ದರು. ಜಗಲಿಯಿಂದ ಅಡುಗೆ ಮನೆಗೆ ಮೂರು ಗೋಡೆ. ರೂಟರಿನಲ್ಲಿ ಸಾಮಾನ್ಯವಾಗಿ ಎರಡು ವೈಫೈ ಕಾಣುತ್ತದೆ, ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 5 ಗಿಗಾಹರ್ಟ್ಸ್. 5ರದ್ದು ವೇಗ ಜಾಸ್ತಿ, ಆದರೆ ದಪ್ಪ ಗೋಡೆ ದಾಟುವುದಿಲ್ಲ. ಹಳೇ ಮನೆಗಳಿಗೆ 2.4 ಒಳ್ಳೆಯದು. ಮಾತಿಗೆ ಅದು ಸಾಕು. ರೂಟರನ್ನು ನಡುಮನೆಗೆ ತಂದು, ಆಳೆತ್ತರದಲ್ಲಿ, ಬಾಗಿಲುಗಳು ಎದುರಾಗುವ ಕಡೆ ಇಟ್ಟೆವು. ಕಬ್ಬಿಣದ ಗೋದ್ರೇಜ್ ಬೀರುವಿನ ಮೇಲೆ ಇಡಬೇಡಿ, ಲೋಹ ಸಿಗ್ನಲನ್ನು ತಡೆಯುತ್ತದೆ. ಅಡಿಕೆ ಒಣಗಿಸಲು ಹಾಕಿದ ತಗಡಿನ ಚಪ್ಪರದ ಆಚೆಗೂ ಸಿಗ್ನಲ್ ಹೋಗುವುದಿಲ್ಲ. ಅಡಿಕೆ ಸುಲಿಯುವ ಮನೆಗೆ ಬೇಕು ಅಂತಾದಾಗ ನಾವು ಒಂದು ಲ್ಯಾನ್ ವೈರ್ ಎಳೆದು ಅದರ ತುದಿಗೆ ಇನ್ನೊಂದು ಹಳೇ ರೂಟರ್ ಹಾಕಿದೆವು. ಸಿಗ್ನಲ್ ಹೆಚ್ಚಿಸುವ ಡಬ್ಬಿ ಅಂತ ಮಾರುವುದಕ್ಕಿಂತ ಈ ವೈರ್ ಎಷ್ಟೋ ವಾಸಿ. ಆ ಡಬ್ಬಿಗಳು ಕುಂಟುವ ಸಿಗ್ನಲನ್ನೇ ಹಿಡಿದು ಮುಂದಕ್ಕೆ ಕಳಿಸುತ್ತವೆ.

ಎರಡು, ಫೋಟೋ ಬ್ಯಾಕಪ್. ಇದನ್ನು ಕಂಡುಹಿಡಿಯಲು ನಮಗೆ ತಿಂಗಳುಗಳೇ ಬೇಕಾದವು. ಸಂಜೆ ಮಾತ್ರ ಮಾತು ಕಡಿಯುತ್ತಿತ್ತು. ನಮ್ಮನೆಯವರು ದಿನವಿಡೀ ತೋಟದಲ್ಲಿ ಕೊಳೆ ಬಂದ ಗೊನೆಯ ಫೋಟೋ, ವಿಡಿಯೋ ತೆಗೆದು ಸಂಜೆ ಮನೆಗೆ ಬರುತ್ತಿದ್ದರು. ವೈಫೈ ಸಿಕ್ಕಿದ ಕೂಡಲೇ ಅವರ ಫೋನ್ ಅವನ್ನೆಲ್ಲ ಮೇಲಕ್ಕೆ ಕಳಿಸಲು ಶುರು ಮಾಡುತ್ತಿತ್ತು. ಮಾತಿನ ಚೂರುಗಳು ಆ ಸಾಲಿನ ಹಿಂದೆ ನಿಂತುಬಿಡುತ್ತಿದ್ದವು. ಈಗ ಬ್ಯಾಕಪ್ಪನ್ನು ಕೈಯಾರೆ ನಿಲ್ಲಿಸಿ, ಮಲಗುವ ಮುಂಚೆ ಆನ್ ಮಾಡುತ್ತೇವೆ. ನಿಮ್ಮ ಮನೆಯಲ್ಲೂ ಒಂದೇ ಹೊತ್ತಿಗೆ ಮಾತು ಕೆಡುತ್ತಿದ್ದರೆ ಆ ಹೊತ್ತಿನಲ್ಲಿ ಮನೆಯ ಬೇರೆ ಫೋನುಗಳು ಏನು ಮಾಡುತ್ತಿವೆ ಅಂತ ಮೊದಲು ನೋಡಿ.

ವಾಟ್ಸಾಪಿನಲ್ಲಿ ಕರೆಗೆ ಕಡಿಮೆ ಡೇಟಾ ಬಳಸುವ ಆಯ್ಕೆಯೂ ಇದೆ. ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಅಂಡ್ ಡೇಟಾ ಒಳಗೆ ಸಿಗುತ್ತದೆ. ನೆಟ್ ಬಡವಾಗಿದ್ದರೆ ಅದನ್ನು ಹಾಕಿ. ನನ್ನ ಫೋನಿನ ಲೆಕ್ಕದಲ್ಲಿ ಬರೀ ಮಾತಿಗೆ ನಿಮಿಷಕ್ಕೆ ಅರ್ಧದಿಂದ ಒಂದು ಎಂಬಿ ಹೋಗುತ್ತದೆ. ವಿಡಿಯೋ ಹಾಕಿದರೆ ಅದರ ಎಷ್ಟೋ ಪಟ್ಟು. ಮಾತು ಕಡಿಯಲು ಶುರುವಾದರೆ ವಿಡಿಯೋ ನಿಲ್ಲಿಸಿ, ಧ್ವನಿ ತಾನಾಗಿ ಸರಿಹೋಗುತ್ತದೆ.

ಕರೆಂಟ್ ಹೋದಾಗ

ಇದನ್ನು ನಾನು ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ನಾನು ಮಗಳ ಮನೆಗೆ ಹೋಗಿದ್ದು ಜೂನ್ ತಿಂಗಳಲ್ಲಿ. ದಿನಾ ನಮ್ಮೂರಿನ ಸಂಜೆ 7 ಗಂಟೆಗೆ, ದೀಪ ಹಚ್ಚಿದ ಮೇಲೆ, ಮನೆಯಿಂದ ಕರೆ ಬರುತ್ತಿತ್ತು. ಅಲ್ಲಿ ಆಗ ಮಧ್ಯಾಹ್ನ ಮೂರೂವರೆ. ಮಗುವಿಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸಿ ಮಲಗಿಸಿ ನಾನು ಕಾಯುತ್ತಿದ್ದೆ. ಪುನರ್ವಸು ಮಳೆ ಜೋರಾಗಿ ಹಿಡಿದ ದಿನ ಕರೆ ಬರಲಿಲ್ಲ. ನಾನು ಮಾಡಿದರೆ ಹೋಗಲಿಲ್ಲ. ಕಳಿಸಿದ ಮೆಸೇಜಿಗೆ ಒಂದೇ ಗೆರೆ. ಮಾರನೆ ದಿನವೂ ಹಾಗೇ. ಮನೆಯಲ್ಲಿ ಇರುವುದು ಇಬ್ಬರೇ, ಅದರಲ್ಲಿ ಒಬ್ಬರಿಗೆ 84 ವರ್ಷ. ಹಿಂದಿನ ದರೆ ಜರಿಯಿತೋ, ಅತ್ತೆ ಬಚ್ಚಲಲ್ಲಿ ಜಾರಿದರೋ, ಏನೆಲ್ಲ ನೆನೆದೆ. ಮಗಳ ಮುಂದೆ ತೋರಿಸುವ ಹಾಗಿಲ್ಲ, ಅವಳು ಹಸಿ ಬಾಣಂತಿ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೇ ದಿನ ಇವರು ಹೊಸನಗರ ಪೇಟೆಗೆ ಹೋಗಿ ಅಲ್ಲಿಂದ ಫೋನ್ ಮಾಡಿದರು. ಆಗಿದ್ದು ಇಷ್ಟೇ. ಮರ ಬಿದ್ದು ಲೈನ್ ತುಂಡಾಗಿತ್ತು. ಕರೆಂಟ್ ಇಲ್ಲದೆ ರೂಟರ್ ಆರಿತ್ತು. ಟವರಿನ ಬ್ಯಾಟರಿಯೂ ಮುಗಿದು ನೇರಳೆ ಮರದ ಬುಡದಲ್ಲೂ ಸಿಗ್ನಲ್ ಇರಲಿಲ್ಲ.

ಹಳೇ ತಾಮ್ರದ ತಂತಿಯ ಲ್ಯಾಂಡ್‌ಲೈನ್ ಇದ್ದಾಗ ಕರೆಂಟ್ ಹೋದರೂ ಫೋನ್ ಇರುತ್ತಿತ್ತು ಅಂತ ನಿಮಗೂ ನೆನಪಿರಬಹುದು. ಆ ತಂತಿಯಲ್ಲೇ ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ಬರುತ್ತಿತ್ತು. ಮನೆಯಲ್ಲಿ ಕರೆಂಟ್ ಇದೆಯೋ ಇಲ್ಲವೋ ಫೋನಿಗೆ ಸಂಬಂಧ ಇರಲಿಲ್ಲ. ಫೈಬರ್ ಅಂದರೆ ಗಾಜಿನ ಎಳೆ. ಅದರಲ್ಲಿ ಬೆಳಕು ಬರುತ್ತದೆ, ಕರೆಂಟ್ ಬರುವುದಿಲ್ಲ. ಮನೆಯ ಡಬ್ಬಿಗೆ ಕರೆಂಟ್ ನಾವೇ ಕೊಡಬೇಕು. ತಾಮ್ರ ತೆಗೆಸಿ ಫೈಬರ್ ಹಾಕಿಸಿದ ದಿನ ಈ ಮಾತನ್ನು ನಮಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ನಾನು ಎಲ್ಲರಿಗೂ ಹೇಳುತ್ತೇನೆ.

ನಾನು ವಾಪಸ್ ಬರುವ ಮೊದಲೇ ಇವರು ಶಿವಮೊಗ್ಗದಿಂದ ರೂಟರಿಗೆ ಹಾಕುವ ಚಿಕ್ಕ ಯುಪಿಎಸ್ ತಂದರು. ಅಂಗೈ ಅಗಲದ ಡಬ್ಬಿ, ಒಳಗೆ ಬ್ಯಾಟರಿ. ಕೊಳ್ಳುವ ಮೊದಲು ನಿಮ್ಮ ರೂಟರಿನ ಅಡಾಪ್ಟರ್ ತಿರುಗಿಸಿ ನೋಡಿ. ಔಟ್‌ಪುಟ್ ಅಂತ ಬರೆದ ಕಡೆ ಹೆಚ್ಚಾಗಿ 12 ವೋಲ್ಟ್ ಇರುತ್ತದೆ, ಮುಂದೆ 1, 1.5 ಅಥವಾ 2 ಆಂಪಿಯರ್ ಅಂತ ಇರುತ್ತದೆ. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟಾದರೂ ಇರಬೇಕು. ಪಿನ್ನಿನ ಗಾತ್ರವೂ ಕೂಡಬೇಕು, ಹಾಗಾಗಿ ಅಡಾಪ್ಟರನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ. ಫೈಬರ್ ಡಬ್ಬಿ ಬೇರೆ, ವೈಫೈ ರೂಟರ್ ಬೇರೆ ಇದ್ದರೆ ಎರಡಕ್ಕೂ ಕರೆಂಟ್ ಬೇಕು ಅನ್ನುವುದನ್ನು ಮರೆಯಬೇಡಿ.

ಚಿಕ್ಕ ಯುಪಿಎಸ್ ನಮ್ಮಲ್ಲಿ ಮೂರು ಗಂಟೆ ಬರುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಮೂರು ಗಂಟೆಗೆ ಬರುವುದಿಲ್ಲ, ಮೂರು ದಿನವೂ ಆಗಬಹುದು. ಅದಕ್ಕೆ ಇವರು ಒಂದು ಕ್ರಮ ಮಾಡಿದ್ದಾರೆ. ಲೈನ್ ತುಂಡಾಗಿದೆ ಅಂತ ಗೊತ್ತಾದ ಕೂಡಲೇ ಯುಪಿಎಸ್ಸಿನ ಸ್ವಿಚ್ ಆಫ್. ಬೆಳಿಗ್ಗೆ ಏನೂ ಇಲ್ಲ. ಸಂಜೆ 7ಕ್ಕೆ ಐದು ನಿಮಿಷ ಮುಂಚೆ ಆನ್. ಡಬ್ಬಿ ಎದ್ದು ನಿಲ್ಲಲು ಎರಡು ಮೂರು ನಿಮಿಷ ಬೇಕು. ಮಾತಾಡಿ ಮುಗಿಸಿ ಮತ್ತೆ ಆಫ್. ದಿನಕ್ಕೆ ಅರ್ಧ ಗಂಟೆಯಂತೆ ಮೂರು ಗಂಟೆ ಆರು ದಿನ ಬರುತ್ತದೆ. ದೂರ ಇರುವವರಿಗೂ ಈ ಹೊತ್ತು ಗೊತ್ತಿರಬೇಕು, ಅಷ್ಟೇ.

ನೆಟ್ ಬರದಿದ್ದರೆ ಡಬ್ಬಿಯ ದೀಪ ನೋಡಿ. ಪಾನ್ (PON) ಅನ್ನುವ ದೀಪ ಹಸಿರಾಗಿ ಅಲುಗಾಡದೆ ಉರಿಯುತ್ತಿದ್ದರೆ ಫೈಬರ್ ಸರಿ ಇದೆ. ಲಾಸ್ (LOS) ಅನ್ನುವ ಕಡೆ ಕೆಂಪು ದೀಪ ಬಂದರೆ ಬೆಳಕೇ ಬರುತ್ತಿಲ್ಲ, ಎಲ್ಲೋ ಎಳೆ ತುಂಡಾಗಿದೆ ಅಥವಾ ಆ ತುದಿಯ ಯಂತ್ರವೇ ಆರಿದೆ. ಆಗ ರೂಟರನ್ನು ಹತ್ತು ಸಲ ಆಫ್ ಆನ್ ಮಾಡಿ ಉಪಯೋಗವಿಲ್ಲ, ಕಂಪ್ಲೇಂಟ್ ಕೊಡಿ. ಗುಡುಗು ಸಿಡಿಲು ಶುರುವಾದರೆ ಎಲ್ಲ ಪ್ಲಗ್ ಕಿತ್ತಿಡಿ. ಫೈಬರ್ ಗಾಜಿನದ್ದಾದರೂ ಅದರ ಜೊತೆಗೆ ಜಗ್ಗಿ ಹಿಡಿಯಲು ಉಕ್ಕಿನ ತಂತಿ ಇರಬಹುದು, ಅಡಾಪ್ಟರಿನ ವೈರಂತೂ ನೇರ ಕಂಬಕ್ಕೆ ಹೋಗುತ್ತದೆ.

ಯುಪಿಎಸ್ ಇದ್ದರೂ ಎಳೆ ತುಂಡಾದರೆ ಏನು ಮಾಡುವುದು? ಅದಕ್ಕೆ ಒಬ್ಬ ಮನುಷ್ಯ ಬೇಕು. ಗುಡ್ಡದ ಮೇಲಿನ ಮನೆಯವರಿಗೆ ಬೇರೆ ಕಂಪನಿಯ ಸಿಗ್ನಲ್ ಬರುತ್ತದೆ. ಅವರ ನಂಬರ್ ಮಗಳ ಹತ್ತಿರ ಇದೆ. ಒಂದು ದಿನ ಕರೆ ತಪ್ಪಿದರೆ ಅವರಿಗೆ ಫೋನ್ ಮಾಡುತ್ತಾಳೆ, ಅವರು ಬಂದು ನೋಡಿ ಹೇಳುತ್ತಾರೆ. ನಾನು ಹೊರಡುವ ಮೊದಲೇ ಇದನ್ನು ಮಾಡಿದ್ದರೆ ಆ ಎರಡು ರಾತ್ರಿ ನನಗೆ ಬರುತ್ತಿರಲಿಲ್ಲ.

ಹಿರಿಯರ ಕೈಗೆ ಫೋನ್ ಕೊಡುವಾಗ

ಅತ್ತೆಗೆ ಕಿವಿ ಸ್ವಲ್ಪ ಮಂದ. ಮೊಬೈಲ್ ಹಿಡಿದರೆ ಕೆನ್ನೆ ತಾಗಿ ಕರೆ ಕಟ್ ಆಗುತ್ತಿತ್ತು. ಅವರಿಗೆ ರಿಸೀವರೇ ಬೇಕು. ಫೈಬರ್ ಡಬ್ಬಿಯ ಹಿಂದೆ ಫೋನಿನ ಚಿತ್ರ ಇರುವ ಒಂದು ಚಿಕ್ಕ ತೂತು ಇರುತ್ತದೆ. ನಿಮ್ಮ ಪ್ಲಾನಿನಲ್ಲಿ ಲ್ಯಾಂಡ್‌ಲೈನ್ ಸೇರಿದ್ದರೆ ಹಳೇ ಫೋನನ್ನೇ ಅಲ್ಲಿಗೆ ಚುಚ್ಚಬಹುದು. ಅಟ್ಟದಲ್ಲಿದ್ದ ನಮ್ಮ ಹಳೇ ಫೋನ್ ಇಳಿಸಿ, ಒರೆಸಿ, ಹಾಕಿದೆವು. ಇದೂ ಇಂಟರ್ನೆಟ್ ಕರೆಯೇ, ಆದರೆ ಅತ್ತೆಗೆ ಅದು ಇಪ್ಪತ್ತು ವರ್ಷದಿಂದ ಗೊತ್ತಿರುವ ಫೋನ್. ಗಂಟೆ ಬಾರಿಸಿದರೆ ಕೊಟ್ಟಿಗೆಯವರೆಗೂ ಕೇಳುತ್ತದೆ.

ವಿದೇಶದಿಂದ ಈ ಲ್ಯಾಂಡ್‌ಲೈನಿಗೆ ಮಾಡಲು ವಾಟ್ಸಾಪ್ ಆಗುವುದಿಲ್ಲ. ಮೊದಲು ಸ್ಕೈಪ್ ಅನ್ನುವ ಆಪ್ ಇತ್ತು. ಮಗಳು ಓದುವಾಗ ಅದರಲ್ಲೇ ಮಾಡುತ್ತಿದ್ದಳು. ಅದು 2025ರ ಮೇ 5ರಂದು ಮುಚ್ಚಿತು. ಈಗ ಅವಳು ವೈಬರ್ ಆಪಿನ ವೈಬರ್ ಔಟ್‌ನಲ್ಲಿ ಸ್ವಲ್ಪ ದುಡ್ಡು ಹಾಕಿಟ್ಟು ಮಾಡುತ್ತಾಳೆ. ಅಲ್ಲಿಂದ ಮಾಡುವಾಗ ಎಸ್‌ಟಿಡಿ ಕೋಡಿನ ಮುಂದಿನ ಸೊನ್ನೆ ಬಿಡಬೇಕು. ಶಿವಮೊಗ್ಗದ 08182 ಆದರೆ +91 8182, ಆಮೇಲೆ ನಂಬರ್.

ಸ್ಮಾರ್ಟ್‌ಫೋನ್ ಬಳಸುವ ಹಿರಿಯರಿಗಾದರೆ ವಾಟ್ಸಾಪ್ ಒಳಗೆ ಹೋಗಿ ಹುಡುಕುವ ಕೆಲಸ ಕೊಡಬೇಡಿ. ಆಂಡ್ರಾಯ್ಡ್ ಫೋನಿನಲ್ಲಿ ಮಗಳ ಚಾಟ್ ತೆಗೆದು, ಮೇಲಿನ ಮೂರು ಚುಕ್ಕಿ ಒತ್ತಿ, ಮೋರ್ ಒಳಗೆ ಆಡ್ ಶಾರ್ಟ್‌ಕಟ್ ಮಾಡಿ. ಫೋನಿನ ಮೊದಲ ಪುಟದಲ್ಲೇ ಅವಳ ಮುಖ ಕಾಣುತ್ತದೆ. ಇನ್ನೊಂದು ಬಹಳ ಮುಖ್ಯ. ಕೆಲವು ಫೋನುಗಳು ಬ್ಯಾಟರಿ ಉಳಿಸಲು ವಾಟ್ಸಾಪನ್ನು ಒಳಗೊಳಗೇ ಮಲಗಿಸುತ್ತವೆ. ಕರೆ ಬಂದರೂ ರಿಂಗ್ ಆಗುವುದಿಲ್ಲ, ಫೋನ್ ಕೈಗೆತ್ತಿಕೊಂಡ ಮೇಲೆ ಮಿಸ್ಡ್ ಕಾಲ್ ತೋರಿಸುತ್ತದೆ. ಆಪ್ ಸೆಟ್ಟಿಂಗಿನಲ್ಲಿ ಬ್ಯಾಟರಿ ಒಳಗೆ ಹೋಗಿ, ವಾಟ್ಸಾಪಿಗೆ ತಡೆ ಇಲ್ಲ ಅನ್ನುವ ಆಯ್ಕೆ ಹಾಕಿ. ಪ್ರೈವಸಿಯಲ್ಲಿ ಕಾಲ್ಸ್ ಒಳಗೆ ಗುರುತಿಲ್ಲದವರ ಕರೆಯನ್ನು ಸುಮ್ಮನಾಗಿಸುವ ಆಯ್ಕೆ ಇದೆ, ಅದನ್ನೂ ಹಾಕಿ.

ಯಾಕೆಂದರೆ ಪೊಲೀಸ್ ಡ್ರೆಸ್ ಹಾಕಿಕೊಂಡು ವಿಡಿಯೋ ಕರೆ ಮಾಡಿ, ನಿಮ್ಮ ಮಗನನ್ನು ಹಿಡಿದಿದ್ದೇವೆ, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ ಅಂತ ಹೆದರಿಸುವವರು ಇದ್ದಾರೆ. ನಮ್ಮ ಕಾನೂನಿನಲ್ಲಿ ಅಂಥ ಅರೆಸ್ಟೇ ಇಲ್ಲ. ಕರೆ ಕಟ್ ಮಾಡಿ, ಮನೆಯವರಿಗೆ ಹೇಳಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾವು ಮನೆಯಲ್ಲಿ ಒಂದು ಗುಟ್ಟಿನ ಮಾತು ಇಟ್ಟುಕೊಂಡಿದ್ದೇವೆ. ಮಗಳ ಧ್ವನಿಯಲ್ಲೇ ಯಾರಾದರೂ ದುಡ್ಡು ಕೇಳಿದರೂ ಆ ಮಾತು ಹೇಳಬೇಕು.

ಊರು ಬಿಟ್ಟು ಹೊರಟಾಗ

ಬಸ್ಸಿನಲ್ಲಿ ಘಾಟಿ ಇಳಿಯುವಾಗ ಕರೆ ಮಾಡಲು ಒದ್ದಾಡಬೇಡಿ. ವಾಯ್ಸ್ ಮೆಸೇಜ್ ಮಾಡಿ ಬಿಟ್ಟುಬಿಡಿ. ಸಿಗ್ನಲ್ ಸಿಕ್ಕಿದ ತಿರುವಿನಲ್ಲಿ ಅದು ತಾನಾಗಿ ಹೋಗುತ್ತದೆ. ರೈಲ್ವೆ ಸ್ಟೇಷನ್ನುಗಳ ಉಚಿತ ವೈಫೈ ಮೊದಲ 30 ನಿಮಿಷ ಒಂದು ಎಂಬಿಪಿಎಸ್ ಕೊಡುತ್ತದೆ, ಮಾತಿಗೆ ಅಷ್ಟು ಸಾಕು. ಇಂಥ ಕಡೆ ವೈಫೈ ಚಿಹ್ನೆ ಬಂದಿದೆ ಅಂದ ಮಾತ್ರಕ್ಕೆ ನೆಟ್ ಬಂದಿದೆ ಅಂತಲ್ಲ. ಮೊದಲು ಒಂದು ಪುಟ ತೆರೆದು, ನಂಬರ್ ಹಾಕಿ, ಒಟಿಪಿ ಕೊಡಬೇಕು. ಅದು ತೆರೆಯದಿದ್ದರೆ ಬ್ರೌಸರಿನಲ್ಲಿ ಯಾವುದಾದರೂ ವೆಬ್‌ಸೈಟ್ ಹಾಕಿ ನೋಡಿ.

ವಿದೇಶಕ್ಕಾದರೆ ಹೊರಡುವ ವಾರದ ಮೊದಲೇ ಕೂತು ಮಾಡಬೇಕಾದ ಕೆಲಸಗಳಿವೆ. ಫೋನಿನಲ್ಲಿರುವ ಎಲ್ಲ ನಂಬರಿನ ಮುಂದೆ +91 ಸೇರಿಸಿ. ಬರೀ ಹತ್ತು ಅಂಕಿ ಇದ್ದರೆ ಅಲ್ಲಿನ ಸಿಮ್ಮಿನಿಂದ ಕರೆ ಹೋಗುವುದಿಲ್ಲ. ನಮ್ಮ ಊರಿನ ಸಿಮ್ಮಿಗೆ ವಾಪಸ್ ಬರುವ ದಿನದ ಆಚೆಗೂ ಬರುವಷ್ಟು ರೀಚಾರ್ಜ್ ಮಾಡಿ. ಬಹಳ ದಿನ ಬಿಟ್ಟರೆ ನಂಬರ್ ರದ್ದಾಗಿ ಬೇರೆಯವರಿಗೆ ಹೋಗುತ್ತದೆ. ಆಗ ಬ್ಯಾಂಕೂ ಹೋಯಿತು, ವಾಟ್ಸಾಪೂ ಹೋಯಿತು. ಒಟಿಪಿ ಬರಬೇಕಾದರೆ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ, ಆದರೆ ಡೇಟಾ ರೋಮಿಂಗ್ ಆಫ್ ಇಡಿ. ವಾಟ್ಸಾಪಿಗೆ ಆರು ಅಂಕಿಯ ಪಿನ್ ಹಾಕಿ. ಅಲ್ಲಿ ಹೊಸ ಸಿಮ್ ಹಾಕಿದಾಗ ವಾಟ್ಸಾಪ್ ನಂಬರ್ ಬದಲಾಯಿಸಬೇಕಾ ಅಂತ ಕೇಳಿದರೆ ಬೇಡ ಅನ್ನಿ. ಹಳೇ ನಂಬರೇ ನಡೆಯುತ್ತದೆ. ವೈಫೈ ಕಾಲಿಂಗ್ ಊರಿನಲ್ಲಿ ಪುಕ್ಕಟೆ ಇದ್ದರೂ ವಿದೇಶದಲ್ಲೂ ಹಾಗೇ ಅಂದುಕೊಳ್ಳಬೇಡಿ. ನಿಮ್ಮ ಕಂಪನಿಯನ್ನು ಕೇಳಿಯೇ ಹೊರಡಿ.

ದಾರಿಯಲ್ಲಿ ನಾನು ದುಬೈ ಏರ್‌ಪೋರ್ಟಿನಲ್ಲಿ ನಾಲ್ಕು ಗಂಟೆ ಕೂತಿದ್ದೆ. ವೈಫೈ ಸಿಕ್ಕಿತು, ಮೆಸೇಜ್ ಹೋಯಿತು. ಆದರೆ ವಾಟ್ಸಾಪ್ ಕರೆ ಎಷ್ಟು ಸಲ ಮಾಡಿದರೂ ಕನೆಕ್ಟ್ ಆಗಲಿಲ್ಲ. ಫೋನ್ ಕೆಟ್ಟಿತು ಅಂತ ಗಾಬರಿಯಾದೆ. ಫೋನ್ ಕೆಟ್ಟಿರಲಿಲ್ಲ. ಯುಎಇಯಲ್ಲಿ ವಾಟ್ಸಾಪಿನ ಮಾತು, ವಿಡಿಯೋ ಕರೆ ಎರಡನ್ನೂ ತಡೆದಿದ್ದಾರೆ. ಅಲ್ಲಿ ಕೆಲಸ ಮಾಡುವ ನಮ್ಮವರು ಬೋಟಿಮ್ ಅನ್ನುವ ಆಪ್ ಬಳಸುತ್ತಾರೆ. ಮನೆಯವರ ಫೋನಿನಲ್ಲೂ ಅದೇ ಆಪ್ ಹಾಕಿಡಬೇಕು. ನನ್ನ ಹಾಗೆ ಬರೀ ದಾಟಿ ಹೋಗುವವರಿಗೆ ವಾಯ್ಸ್ ಮೆಸೇಜ್ ಸಾಕು, ಅದು ಹೋಗುತ್ತದೆ. ತಡೆ ದಾಟಿಸುವ ವಿಪಿಎನ್ ಅನ್ನುವ ಆಪ್ ಹಾಕಿದರೆ ಆಗುತ್ತದೆ ಅಂತ ಹೇಳುವವರ ಮಾತು ಕೇಳಬೇಡಿ. ತಡೆದದ್ದನ್ನು ಹಾಗೆ ದಾಟಿದರೆ ಅಲ್ಲಿನ ಕಾನೂನಿನಲ್ಲಿ ಭಾರಿ ದಂಡಕ್ಕೆ ಅವಕಾಶ ಇದೆ. ಚೀನಾದಲ್ಲಿ ವಾಟ್ಸಾಪೇ ನಡೆಯುವುದಿಲ್ಲ, ಅಲ್ಲಿ ವಿಚಾಟ್.

ಜರ್ಮನಿಯಲ್ಲಿ ಯಾವ ತೊಂದರೆಯೂ ಇರಲಿಲ್ಲ. ಹೊತ್ತಿನ ಲೆಕ್ಕ ಮಾತ್ರ ನೋಡಿಕೊಳ್ಳಬೇಕು. ಬೇಸಿಗೆಯಲ್ಲಿ ನಮಗೂ ಅವರಿಗೂ ಮೂರೂವರೆ ಗಂಟೆ ಅಂತರ. ಅಕ್ಟೋಬರಿನ ಕೊನೇ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ಹಾಕುತ್ತಾರೆ, ಆಮೇಲೆ ಮಾರ್ಚಿನ ಕೊನೇ ಭಾನುವಾರದವರೆಗೆ ನಾಲ್ಕೂವರೆ. ಆ ದಿನ ಅತ್ತೆ ಒಂದು ಗಂಟೆ ಮುಂಚೆಯೇ ಕಾಯುತ್ತಾ ಕೂರಬಾರದು ಅಂತ ಮಗಳು ಹಿಂದಿನ ದಿನವೇ ನೆನಪು ಮಾಡುತ್ತಾಳೆ.

ಆಪತ್ತಿನ ಕರೆಯನ್ನು ವಾಟ್ಸಾಪಿನಲ್ಲಿ ಮಾಡಲು ಬರುವುದಿಲ್ಲ. ಅದಕ್ಕೆ ಮಾಮೂಲಿ ಫೋನಿನಲ್ಲಿ 112 ಒತ್ತಬೇಕು. ನಮ್ಮಲ್ಲೂ 112, ಜರ್ಮನಿಯಲ್ಲೂ 112. ಅತ್ತೆಯ ಫೋನಿನ ಮೇಲಿನ ಗೋಡೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ಅದರ ಕೆಳಗೆ ಮೇಲಿನ ಮನೆಯವರ ನಂಬರ್, ಅದರ ಕೆಳಗೆ ಮಗಳ ನಂಬರ್.

ಮೃಗಶಿರ ಮಳೆ ಹಿಡಿಯುವ ಮುಂಚೆ ಒಂದು ದಿನ ನಾವು ಬೇಕೆಂದೇ ಮೇನ್ ಸ್ವಿಚ್ ಆಫ್ ಮಾಡುತ್ತೇವೆ. ಯುಪಿಎಸ್ ಎಷ್ಟು ಹೊತ್ತು ಬರುತ್ತದೆ, ಲ್ಯಾಂಡ್‌ಲೈನ್ ರಿಂಗ್ ಆಗುತ್ತದಾ, ಮಗಳ ಕರೆ ಬರುತ್ತದಾ ಅಂತ ನೋಡುತ್ತೇವೆ. ಈ ವರ್ಷ ಯುಪಿಎಸ್ ಎರಡೂಕಾಲು ಗಂಟೆಗೇ ನಿಂತಿತು. ಬ್ಯಾಟರಿ ಹಳೆಯದಾಗಿದೆ. ಮುಂದಿನ ಸಲ ಶಿವಮೊಗ್ಗಕ್ಕೆ ಹೋದಾಗ ಇವರು ಹೊಸದು ತರುತ್ತಾರೆ.